ಊರಿಗೆಲ್ಲ ಹಲ್ಲು ಕೊಟ್ಟವನು

ಅಪ್ಪ ಸತ್ತ ದಿನ ನೋಡಲು ಬಂದವರಲ್ಲಿ ಅರ್ಧಕ್ಕರ್ಧ ಜನರ ಬಾಯಲ್ಲಿದ್ದದ್ದು ಅವನೇ ಮಾಡಿಕೊಟ್ಟ ಹಲ್ಲು. ಹಾಗಾಗಿ ನಮ್ಮ ಮನೆಯ ದುಃಖ ತಕ್ಕಮಟ್ಟಿಗೆ ಹತೋಟಿಯಲ್ಲೇ ಇತ್ತು. ಬಾಯಿ ದೊಡ್ಡದು ಮಾಡಿ ಅತ್ತರೆ ಕೆಳಗಿನ ಸೆಟ್ಟು ಮೇಲಕ್ಕೇಳುತ್ತದೆ. ಸೆಟ್ಟು ಹಾಕಿಕೊಂಡವರಿಗೆಲ್ಲ ಇದು ಗೊತ್ತು. ಅಪ್ಪನೇ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಹೇಳಿಕೊಟ್ಟಿದ್ದ: "ನಗೋದಕ್ಕೆ ಏನೂ ತೊಂದರೆ ಇಲ್ಲ. ಅಳೋದಿದ್ರೆ ಮಾತ್ರ ಮೊದಲು ಕೆಳಗಿಂದು ತೆಗೆದು ಜೇಬಲ್ಲಿಟ್ಕೊಳ್ಳಿ." ಅಂಥ ಶಿಸ್ತಿನ ಜನ ಒಬ್ಬರ ಹಿಂದೊಬ್ಬರು ಬಂದು, ತುಟಿ ಬಿಗಿಹಿಡಿದು, ಮೂಗಿನಲ್ಲೇ ಅತ್ತು ಹೋದರು.

ಅಪ್ಪನಿಗೆ ಎಂಬತ್ತನಾಲ್ಕು. ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತಲ್ಲೇ ಹೋದ. ಯಾರಿಗೂ ತೊಂದರೆ ಕೊಡದೆ ಹೋದರು ಪುಣ್ಯಾತ್ಮ ಎಂದು ಬಂದವರೆಲ್ಲ ಹೊಗಳಿದರು. ಹೋಗುವಾಗ ಕೊಡಲಿಲ್ಲ, ನಿಜ. ಅದಕ್ಕೆ ಮುಂಚಿನದನ್ನು ನನ್ನನ್ನು ಕೇಳಬೇಕಿತ್ತು, ಯಾರೂ ಕೇಳಲಿಲ್ಲ.

ಊರಲ್ಲಿ ಅವನನ್ನು ಹಲ್ಲಪ್ಪ ಎನ್ನುತ್ತಿದ್ದರು. ಅದೂ ಬೆನ್ನ ಹಿಂದೆ. ಎದುರಿಗೆ ಏನೂ ಅನ್ನುತ್ತಿರಲಿಲ್ಲ, ಯಾಕೆಂದರೆ ಅವನ ಎದುರು ಕೂತವರ ಬಾಯಲ್ಲಿ ಯಾವಾಗಲೂ ಏನಾದರೂ ತುರುಕಿರುತ್ತಿತ್ತು.

ಹರೆಯದಲ್ಲಿ ಅವನು ಪ್ಲಾಸ್ಟರ್ ಗೊಂಬೆ ಮಾಡುವ ಕಾರ್ಖಾನೆಯಲ್ಲಿದ್ದ. ಇವನು ತೀಡಿದ ಗೊಂಬೆಗಳ ಮುಖ ಒಂದರಂತೆ ಒಂದು ಇರುವುದಿಲ್ಲ ಎಂಬ ದೊಡ್ಡ ಅಪರಾಧಕ್ಕೆ ಅಲ್ಲಿಂದ ತೆಗೆದುಹಾಕಿದರು. ಆಗ ಊರಿನ ಹಲ್ಲಿನ ಡಾಕ್ಟರು ಕರೆದು ಕೆಲಸ ಕೊಟ್ಟರು. ದೊಡ್ಡ ರಸ್ತೆಯಲ್ಲಿ ಅವರ ಆಸ್ಪತ್ರೆ, ಅದರ ಹಿಂದೆ ಸ್ಕೂಟರ್ ನಿಲ್ಲಿಸುವ ಕೋಣೆ. ಸ್ಕೂಟರನ್ನು ಹೊರಗಿಟ್ಟು ಅಪ್ಪನನ್ನು ಒಳಗಿಟ್ಟರು. ಅಲ್ಲಿ ಐವತ್ತಾರು ವರ್ಷ ಅವನು ಅಚ್ಚಿಗೆ ಪ್ಲಾಸ್ಟರ್ ಹೊಯ್ದ, ಮೇಣದ ಮೇಲೆ ಹಲ್ಲು ಜೋಡಿಸಿದ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಸೆಟ್ಟು ಬೇಯಿಸಿದ, ಚಕ್ರಕ್ಕೆ ಹಿಡಿದು ಉಜ್ಜಿದ. ಸಂಜೆ ಮನೆಗೆ ಬಂದರೆ ಹುಬ್ಬಿನ ತುಂಬ ವಸಡಿನ ಬಣ್ಣದ ಗುಲಾಬಿ ಪುಡಿ. "ಹೋಗಿ ಮುಖ ತೊಳ್ಕೊಳ್ಳಿ, ನಾಟಕದಿಂದ ಬಂದ ಹಾಗಿದೆ," ಎಂದು ಅಮ್ಮ ದಿನವೂ ಅನ್ನುತ್ತಿದ್ದಳು.

ಮುಂದಿನ ಬೋರ್ಡಿನಲ್ಲಿ ಡಾಕ್ಟರ ಹೆಸರು, ಅದರ ಮುಂದೆ ರೈಲು ಡಬ್ಬಿಗಳ ಹಾಗೆ ಪದವಿಗಳು. ಅಪ್ಪನ ಸುದ್ದಿ ಎಲ್ಲೂ ಇರಲಿಲ್ಲ. ಸೆಟ್ಟು ಸರಿಯಾಗಿ ಕೂತರೆ ಡಾಕ್ಟರು, "ನಾನೇ ಕೂತು ಮಾಡಿದ್ದು ನೋಡಿ," ಎನ್ನುತ್ತಿದ್ದರು. ಒತ್ತಿ ಹುಣ್ಣಾದರೆ, "ಹಿಂದೆ ಹೋಗಿ, ಅಲ್ಲೊಬ್ಬ ಇದ್ದಾನೆ," ಎನ್ನುತ್ತಿದ್ದರು. ಹೀಗಾಗಿ ಅಪ್ಪ ಕಂಡ ಜನರೆಲ್ಲ ಬಾಯಿ ಹುಣ್ಣಾಗಿ ಜಗಳಕ್ಕೆ ಬಂದವರೇ. ಮನುಷ್ಯರ ಬಗ್ಗೆ ಅವನಿಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯ ಇರದಿದ್ದುದಕ್ಕೆ ಕಾರಣವಿತ್ತು.

ಲೆಕ್ಕದ ಮೇಷ್ಟ್ರು ಕನ್ನಡಿ ಹಿಡಿದುಕೊಂಡೇ ಒಳಗೆ ನುಗ್ಗಿದ ದಿನ ನಾನು ಅಪ್ಪನಿಗೆ ಊಟ ಕೊಡಲು ಹೋಗಿದ್ದೆ.

"ಇದೇನಯ್ಯ, ಎಡಗಡೆ ಒಂದು ವಾರೆ ಕೂತಿದೆ?"

"ನಿಮ್ಮದು ಹಾಗೇ ಇತ್ತು. ನಿಮ್ಮ ಹಳೇ ಫೋಟೋ ತರಿಸ್ಕೊಂಡು ನೋಡಿ ಮಾಡಿದ್ದೀನಿ."

"ಇದ್ರೇನು? ದುಡ್ಡು ಕೊಟ್ಟು ವಾರೆ ಹಲ್ಲು ಹಾಕಿಸ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?"

"ಎಲ್ಲರನ್ನೂ ನೆಟ್ಟಗೆ ನಿಲ್ಲಿಸೋಕೆ ಅದೇನು ನಿಮ್ಮ ಕ್ಲಾಸಾ ಮೇಷ್ಟ್ರೇ? ಬಾಯಿ ಅದು."

ಮೇಷ್ಟ್ರು ದುಮುಗುಡುತ್ತ ಮನೆಗೆ ಹೋದರು. ಬಾಗಿಲು ತೆಗೆದ ಅವರ ಹೆಂಡತಿ ಹಲ್ಲು ಬೀಳುವ ಮುಂಚಿನ ಆ ಮುಖ ನೋಡಿ, "ಅಯ್ಯೋ, ಎರಡು ವರ್ಷದಿಂದ ಎಲ್ಲಿ ಹೋಗಿದ್ರಿ?" ಎಂದರಂತೆ. ಮೇಷ್ಟ್ರು ಮತ್ತೆ ದೂರು ಹೇಳಲು ಬರಲಿಲ್ಲ. ಥ್ಯಾಂಕ್ಸ್ ಹೇಳಲೂ ಬರಲಿಲ್ಲ, ಆ ಮಾತು ಬೇರೆ.

ಊರಿಗೆಲ್ಲ ಹಲ್ಲು ಕೊಟ್ಟ ಈ ಮಹಾನುಭಾವನ ಬಾಯಿ ಮಾತ್ರ ಐವತ್ತೆಂಟಕ್ಕೇ ಬೋಳಾಗಿತ್ತು. "ಒಂದು ಸೆಟ್ಟು ಮಾಡ್ಕೊಳ್ಳಿ," ಎಂದು ಅಮ್ಮ ಇರುವಷ್ಟು ಕಾಲ ಗೋಗರೆದಳು. ನನ್ನ ಬಾಯಿಯ ಅಚ್ಚು ನಾನೇ ತೆಗೆಯೋಕಾಗಲ್ಲ, ಇನ್ನೊಬ್ಬರು ತೆಗೆದರೆ ಸರಿಯಾಗಲ್ಲ ಎಂಬುದು ಅವನ ವಾದ. ಅಗಿದು ತಿನ್ನಬೇಕಾದ ಪದಾರ್ಥಗಳನ್ನೆಲ್ಲ ಜನ ಸುಮ್ಮನೆ ಹೊಗಳುತ್ತಾರೆ ಎಂಬ ಹೊಸ ಸಿದ್ಧಾಂತವನ್ನೂ ಹುಟ್ಟಿಸಿದ. ಇಪ್ಪತ್ತೊಂದು ವರ್ಷ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದ. ಅದ್ದುವುದು ನನ್ನ ಕೆಲಸ. ಹೆಚ್ಚು ನೆಂದರೆ ಬೈಗುಳ, ಕಡಿಮೆ ನೆಂದರೆ ಮೌನ.

ಕೊನೆಗೆ ಅವನ ಹಟ ಮುರಿದದ್ದು ನಮ್ಮಣ್ಣ. ಅಣ್ಣ ವಿದ್ಯುತ್ ಇಲಾಖೆಯಲ್ಲಿ ದೊಡ್ಡ ಆಫೀಸರು. ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ, "ಮೆಡಿಕಲ್ ಲೈನಲ್ಲಿದ್ದಾರೆ," ಎಂದು ಹೇಳಿ ಮಾತು ಬದಲಿಸುತ್ತಿದ್ದ. ಅವನ ನಿವೃತ್ತಿಯ ಸಮಾರಂಭಕ್ಕೆ ಮನೆಯವರೆಲ್ಲ ವೇದಿಕೆ ಹತ್ತಬೇಕಿತ್ತು. ಕರೆಯಲು ಬಂದವನು ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದ: "ಅಪ್ಪಂಗೆ ಸ್ವಲ್ಪ ಹೇಳೇ, ಫೋಟೋ ತೆಗಿಯೋವಾಗ ಬಾಯಿ ಮುಚ್ಕೊಂಡಿರು ಅಂತ."

ಅಪ್ಪನ ಹಲ್ಲು ಹೋಗಿದ್ದವೇ ಹೊರತು ಕಿವಿ ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಬಂದು ನಿಂತ.

"ಕೈ ತೊಳ್ಕೊಂಡು ಬಾ. ಅಚ್ಚು ತೆಗಿಬೇಕು."

"ಯಾರ್ದು?"

"ನಂದು. ನೀನು ಊರವರ ಸೊಂಟದ ಅಳತೆ ತೆಗಿಯೋಳಲ್ವಾ, ಇದೂ ಅಷ್ಟೇ. ಸ್ವಲ್ಪ ಒದ್ದೆ ಇರುತ್ತೆ."

ಅಚ್ಚಿನ ಪುಡಿಯನ್ನು ನೀರಲ್ಲಿ ಕಲಸಿ, ತಗಡಿನ ತಟ್ಟೆಗೆ ತುಂಬಿ, ಬಾಯೊಳಗಿಟ್ಟು ಎರಡು ನಿಮಿಷ ಅಲುಗಾಡದೆ ಒತ್ತಿ ಹಿಡಿಯಬೇಕು. ಕೇಳಲು ಸುಲಭ. ಆದರೆ ಬಾಯಿ ಕಟ್ಟಿಹಾಕಿದ ಮೇಲೂ ಅಪ್ಪ ಸುಮ್ಮನಿರುವ ಪೈಕಿಯಲ್ಲ. ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಬಳಪದಲ್ಲಿ ಅಪ್ಪಣೆ ಹೊರಡಿಸತೊಡಗಿದ. "ಹಿಂದೆ ಒತ್ತು." "ಅಷ್ಟಲ್ಲ." "ಕೊಲ್ತೀಯಾ?" ಓಕರಿಕೆ ಬಂದರೆ ಕಾಲ್ಬೆರಳು ಆಡಿಸಿ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಈಗ ಅವನ ಹತ್ತೂ ಬೆರಳು ಕುರ್ಚಿಯ ಕೆಳಗೆ ಕುಣಿಯುತ್ತಿದ್ದವು. ಮೊದಲ ಅಚ್ಚಿನಲ್ಲಿ ಗಾಳಿಗುಳ್ಳೆ, ಎರಡನೆಯದು ಅರ್ಧವೇ ಬಂತು. ಮೂರನೆಯದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ನಡೆಯುತ್ತೆ," ಎಂದ. ನನ್ನ ಐವತ್ತು ವರ್ಷಗಳಲ್ಲಿ ಅಪ್ಪನ ಬಾಯಿಂದ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು. ಸ್ಲೇಟಿನಲ್ಲಿ ಬರೆಸಿಕೊಳ್ಳಬೇಕಿತ್ತು.

ಒಂಬತ್ತು ದಿನದಲ್ಲಿ ಸೆಟ್ಟು ಮುಗಿಯಿತು. ಸಮಾರಂಭದ ದಿನ ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಹೊಸ ಹಲ್ಲು ಹಾಕಿಕೊಂಡು ವೇದಿಕೆ ಹತ್ತಿದ. ಬಾಯಿ ಮುಚ್ಚಲೇ ಇಲ್ಲ. ಹಾರ ಹಾಕುವಾಗ ಹಲ್ಲು ಕಿರಿದ, ಮೇಲಧಿಕಾರಿ ಭಾಷಣ ಮಾಡುವಾಗ ಕಿರಿದ, ಅಗಲಿದ ಸಹೋದ್ಯೋಗಿಗಳಿಗಾಗಿ ಎಲ್ಲರೂ ಒಂದು ನಿಮಿಷ ಮೌನವಾಗಿ ನಿಂತಾಗಲೂ ಕಿರಿದುಕೊಂಡೇ ನಿಂತ. ಮೇಲಧಿಕಾರಿ ಕೈಕುಲುಕಿ, "ತಾವು ಮೆಡಿಕಲ್ ಲೈನಂತೆ?" ಎಂದಾಗ, "ಹೌದು, ಹಲ್ಲು ಮಾಡ್ತೀನಿ. ನಿಮ್ಮದು ಮೇಲಿನ ನಾಲ್ಕು ಕಟ್ಟಿಸಿದ್ದಲ್ವಾ? ಬಣ್ಣ ಸ್ವಲ್ಪ ಹೊಂದಿಲ್ಲ," ಎಂದ. ಅಣ್ಣನ ಮುಖ ನೋಡಲಾಗುತ್ತಿರಲಿಲ್ಲ. ಆ ದಿನದ ಮೂವತ್ತಾರು ಫೋಟೋಗಳಲ್ಲಿ ಅಣ್ಣನಿಗಿಂತ ಅಪ್ಪನ ಹಲ್ಲೇ ಮೊದಲು ಕಾಣುತ್ತದೆ. ಅಣ್ಣ ಆ ಆಲ್ಬಮ್ಮನ್ನು ಯಾರಿಗೂ ತೋರಿಸಿಲ್ಲ.

ಮನೆಗೆ ಬಂದವನೇ ಸೆಟ್ಟು ತೆಗೆದು ಲೋಟದಲ್ಲಿಟ್ಟು, "ಬ್ರೆಡ್ ಅದ್ದು," ಎಂದ. ಮತ್ತೆ ಅದನ್ನು ಹಾಕಿದ್ದನ್ನು ನಾನು ನೋಡಲಿಲ್ಲ.

ಅವನು ಸತ್ತ ದಿನ ಆ ಸೆಟ್ಟಿನ ನೆನಪಾದದ್ದು ಅಣ್ಣನಿಗೇ. ಮುಂದಿನ ಕೋಣೆಯಲ್ಲಿ ಅಪ್ಪನನ್ನು ಮಲಗಿಸಿದ್ದೆವು. ಕೆನ್ನೆ ಒಳಕ್ಕೆ ಹೋಗಿತ್ತು.

"ಜನ ನೋಡ್ತಾರೆ, ಹಲ್ಲು ಹಾಕೋಣ," ಎಂದ ಅಣ್ಣ.

"ಇಪ್ಪತ್ತಾರು ವರ್ಷದಿಂದ ಜನ ಹೀಗೇ ನೋಡಿರೋದು."

"ನಿಂಗೆ ಎಲ್ಲಾದಕ್ಕೂ ಒಂದು ಕೊಂಕು. ಎಲ್ಲಿದೆ ಹೇಳು."

ಲೋಟದಲ್ಲಿ ಇರಲಿಲ್ಲ. ಬೀರು, ಮೇಜಿನ ಖಾನೆ, ಔಷಧಿ ಡಬ್ಬ, ಯಾವುದರಲ್ಲೂ ಇಲ್ಲ. ಅಣ್ಣ ಮಂಡಿಯೂರಿ ಮಂಚದಡಿ ತಡಕಾಡುತ್ತಿದ್ದಾಗ, ಬಾಗಿಲ ಹತ್ತಿರ ನಿಂತಿದ್ದ ಬೇಕರಿಯಮ್ಮ ಕೆಮ್ಮಿದಳು. ನಮಗೆ ಬ್ರೆಡ್ ಕೊಡುತ್ತಿದ್ದವಳು ಅವಳೇ.

"ಹುಡುಕ್ಬೇಡಿ ಸಾರ್. ಅದು ನನ್ನ ಬಾಯಲ್ಲಿದೆ."

ಬಂದವರೆಲ್ಲ ತಿರುಗಿ ಅವಳ ಬಾಯಿ ನೋಡಿದರು.

ಎರಡು ವರ್ಷದ ಹಿಂದೆ ಅವಳ ಮೇಲಿನ ಸೆಟ್ಟು ಕಲ್ಲಿನ ನೆಲಕ್ಕೆ ಬಿದ್ದು, ಮುಂದಿನ ಆರು ಹಲ್ಲು ಪುಡಿಯಾಗಿದ್ದವಂತೆ. ನಾಲ್ಕು ದಿನಕ್ಕೆ ಮಗಳ ಮದುವೆ. ಹೊಸ ಆಸ್ಪತ್ರೆಯವರು ಒಂದು ತಿಂಗಳು ಎಂದರಂತೆ. ಅಪ್ಪನ ಬಳಿ ಅವಳ ಮುಖಕ್ಕೆ ಒಪ್ಪುವ ಹಲ್ಲು ಬೇರೆ ಇರಲಿಲ್ಲ. ತನ್ನ ಸೆಟ್ಟನ್ನು ಬಿಸಿ ಮಾಡಿ, ಮುಂದಿನ ಆರನ್ನೂ ಎಬ್ಬಿಸಿ, ಅವಳ ಸೆಟ್ಟಿಗೆ ಕೂರಿಸಿ ಕೊಟ್ಟ, ಉಳಿದದ್ದನ್ನು ಕಸಕ್ಕೆ ಹಾಕಿದನಂತೆ. ಆಗಲೇ ಕೈ ನಡುಗುತ್ತಿತ್ತು, ನಾಲ್ಕು ದಿನವೂ ಹಿಡಿಯಿತು.

"ಯಾರಿಗೂ ಹೇಳ್ಬೇಡ ಅಂದಿದ್ರು," ಎಂದಳು ಬೇಕರಿಯಮ್ಮ. "ಮಗ ಕೇಳಿದ್ರೆ ಇಲಿ ತಗೊಂಡು ಹೋಯ್ತು ಅಂತೀನಿ ಅಂದ್ರು. ಬೇಕಿದ್ರೆ ಈಗ್ಲೇ ತೆಗ್ದು ಕೊಡ್ತೀನಿ ಸಾರ್," ಎಂದವಳೇ ಬಾಯಿಗೆ ಬೆರಳು ಹಾಕಿದಳು.

"ಬೇಡಮ್ಮ, ಬೇಡ, ಬೇಡ!" ಅಣ್ಣ ಎರಡು ಹೆಜ್ಜೆ ಹಿಂದೆ ಹಾರಿದ. ಆಮೇಲೆ ಅವನಿಗೆ ನಗು ಬಂತು. ಸಾವಿನ ಮನೆಯಲ್ಲಿ ಹಿರಿಮಗ ನಗುವುದು ಚೆನ್ನಾಗಿರುವುದಿಲ್ಲವೆಂದು ಕರವಸ್ತ್ರ ಮುಚ್ಚಿಕೊಂಡ. ಒಳಗೆ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅವನ ಹಲ್ಲು ಸ್ವಂತದ್ದು. ಹಾಗಾಗಿ ಆ ದಿನ ಬಾಯಿಬಿಟ್ಟು ಅತ್ತವನು ಅವನೊಬ್ಬನೇ. ನಾನು ಎಲ್ಲರಿಗೂ ಚಹಾ ಮಾಡಲು ಹೋದೆ. ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು, ನಾನು ಅಲ್ಲೇ ನಿಂತಿದ್ದೆ.

ವಾರ ಕಳೆಯುವ ಮೊದಲೇ ಆಸ್ಪತ್ರೆಯ ಮರಿ ಡಾಕ್ಟರು, ಎಂದರೆ ತೀರಿಕೊಂಡ ಹಳೇ ಡಾಕ್ಟರ ಮಗ, ತುಂಬ ಸಂಕೋಚದಿಂದ ಅಪ್ಪ ಕೆಲಸ ಮಾಡುತ್ತಿದ್ದ ಹಿಂದಿನ ಕೋಣೆಯ ಬೀಗದ ಕೈ ಕೇಳಿದರು. ಎಷ್ಟು ಸಂಕೋಚವೆಂದರೆ ಮೂರು ಸಲ ಫೋನ್ ಮಾಡಿದರು. ನಾನೂ ಅಣ್ಣನೂ ಖಾಲಿ ಮಾಡಲು ಹೋದೆವು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ಬಾಯಿಗಳು, ಸಾವಿರಕ್ಕೆ ಕಡಿಮೆಯಿಲ್ಲ. ಕಸದ ಗಾಡಿಯವನು ಇಣುಕಿ ನೋಡಿ, "ತಲೆಗಳು ಎಲ್ಲಿವೆ?" ಎಂದು ಕೇಳಿ ಗಾಡಿ ಓಡಿಸಿಕೊಂಡು ಹೋದ.

ಒಂದೊಂದರ ತಳದಲ್ಲೂ ಅಪ್ಪ ಪೆನ್ಸಿಲಿನಲ್ಲಿ ಟಿಪ್ಪಣಿ ಬರೆದಿದ್ದ. "ಮೇಷ್ಟ್ರು. ನಿದ್ದೆಯಲ್ಲೂ ಹಲ್ಲು ಕಡೀತಾರೆ." "ಪೋಸ್ಟಾಫೀಸಿನವಳು. ಮಾತು ಜಾಸ್ತಿ, ಗಟ್ಟಿ ಮಾಡಬೇಕು." "ಸುಳ್ಳ. ವಸಡು ಚೆನ್ನಾಗಿದೆ." ಬದುಕಿರುವವರದನ್ನು ಅವರವರಿಗೆ ಕೊಡೋಣವೆಂದು ಬಾಗಿಲ ಮುಂದೆ ಸಾಲಾಗಿ ಇಟ್ಟೆವು. ಕೊಡುವ ಮೊದಲು ಅಣ್ಣ ಒಂದೊಂದರ ತಳವನ್ನೂ ಚಾಕುವಿನಿಂದ ಹೆರೆದ. ಊರಲ್ಲಿ ಇನ್ನೂ ಮುಖ ಎತ್ತಿಕೊಂಡು ಓಡಾಡಬೇಕಲ್ಲ. ಒಂದನ್ನು ಮಾತ್ರ ಅವನು ಹೆರೆಯುವ ಮೊದಲೇ ಮರಿ ಡಾಕ್ಟರು ಎತ್ತಿಕೊಂಡು ಜೋರಾಗಿ ಓದಿಬಿಟ್ಟರು: "ಡಾಕ್ಟರು. ಮೂರನೇ ಸೆಟ್ಟು. ಇದನ್ನೂ ತಾನೇ ಮಾಡ್ಕೊಂಡಿದ್ದು ಅಂತಾರೆ."

ಅವರು ಅದನ್ನು ಮೆಲ್ಲನೆ ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಕೋಣೆ ಖಾಲಿ ಮಾಡಲು ನಮಗೆ ಇನ್ನೂ ಹದಿನೈದು ದಿನ ಸಿಕ್ಕಿತು.

ಯಾರೂ ಕೇಳಿಕೊಂಡು ಬರದೆ ಉಳಿದವು ಇನ್ನೂರರಷ್ಟು, ಬಹುಪಾಲು ಸತ್ತವರವು. ಮೂರು ಚೀಲಕ್ಕೆ ತುಂಬಿ ಅಣ್ಣನ ಕಾರಿನಲ್ಲಿ ಊರಾಚೆ ಕಟ್ಟುತ್ತಿದ್ದ ಮನೆಯೊಂದರ ಹತ್ತಿರ ಒಯ್ದೆವು. ಪಾಯಕ್ಕೆ ತುಂಬಲು ಒಡಕು ಕಲ್ಲು ಬೇಕಾಗಿದೆ ಎಂದು ಮೇಸ್ತ್ರಿ ಹೇಳಿದ್ದ. ಚೀಲ ಬಿಚ್ಚಿ ಒಂದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಏನ್ ಸಾರ್ ಇದು? ಯಾರು ಮಾಡಿದ್ದು?"

"ನಮ್ಮಪ್ಪ," ಎಂದ ಅಣ್ಣ. "ಹಲ್ಲಿನ ಸೆಟ್ಟು ಮಾಡ್ತಿದ್ರು."

"ಗಟ್ಟಿ ಇರುತ್ತಾ?"

ಅಣ್ಣನಿಗೆ ರೇಗಿಹೋಯಿತು. ಇಲಾಖೆಯಲ್ಲಿ ಮೂವತ್ತೈದು ವರ್ಷ ಯಾರಿಗೂ ಎದುರುತ್ತರ ಕೊಡದ ಮನುಷ್ಯ, ತೋಳು ಮಡಿಚಿಕೊಂಡು ಮೇಸ್ತ್ರಿಗೆ ಪ್ಲಾಸ್ಟರಿನ ಜಾತಿ, ನೀರಿನ ಹದ, ಒಣಗಿಸುವ ಬಗೆ ಎಲ್ಲವನ್ನೂ ಕಾಲು ಗಂಟೆ ವಿವರಿಸಿದ. ಅರ್ಧಕ್ಕರ್ಧ ತಪ್ಪು. ನಾನು ಪಾಯದ ಅಂಚಿನಲ್ಲಿ ಕೂತು, ತಿದ್ದದೆ, ಪೂರ್ತಿ ಕೇಳಿದೆ.