ಸೊಸೆಯ ಸಂದರ್ಶನ, ಅತ್ತೆಯ ಪಾಳಿ

ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ದೊಡ್ಡಮ್ಮ ಎಂದು. ವಾರ್ಡಿನ ಆಯಾ. ಎಷ್ಟೋ ವರ್ಷ ರಾತ್ರಿ ಪಾಳಿಯಲ್ಲೇ ದುಡಿದು, ಮೇಟ್ರನ್ ಹತ್ತಿರ ಗೋಗರೆದು ಗೋಗರೆದು, ಹೋದ ವರ್ಷವಷ್ಟೇ ಹಗಲು ಪಾಳಿ ಗಿಟ್ಟಿಸಿಕೊಂಡಿದ್ದಳು. ಕತ್ತಲಾದ ಮೇಲೆ ಎಲ್ಲರಂತೆ ಕಾಲು ಚಾಚಿ ಮಲಗುವುದು ಎಂಥ ಸುಖವೆಂದು ಗೊತ್ತಾದದ್ದೇ ಆಗ.

ಅಷ್ಟರಲ್ಲಿ ಸೊಸೆ ಮ್ಯಾನೇಜ್‌ಮೆಂಟ್ ಓದುತ್ತೇನೆಂದು ಅರ್ಜಿ ಹಾಕಿದಳು. ಗೋದಾಮಿನಲ್ಲಿ ಮೇಲ್ವಿಚಾರಕಿಯಾಗಿದ್ದವಳು, ಚುರುಕು ಹುಡುಗಿ. ಆದರೆ ಕಂಕುಳಲ್ಲಿ ಎಳೆಗೂಸು. ಹಗಲು ಅದನ್ನು ನೋಡಿಕೊಳ್ಳುವವರು ಯಾರೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲರ ಕಣ್ಣೂ ಮಾತ್ರ ದೊಡ್ಡಮ್ಮನ ಕಡೆಗೇ ಹೊರಳುತ್ತಿತ್ತು. ಒಲ್ಲೆನೆಂದು ಕೆಟ್ಟ ಅತ್ತೆ ಅನ್ನಿಸಿಕೊಳ್ಳಲು ಆಕೆಗೆ ಮನಸ್ಸಿಲ್ಲ, ಹೂಂ ಎಂದು ಕೆಲಸ ಬಿಡಲೂ ಮನಸ್ಸಿಲ್ಲ. ಸಂದರ್ಶನದಲ್ಲಿ ಕಾಲೇಜಿನವರೇ ಬೇಡವೆಂದುಬಿಟ್ಟರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸಂದರ್ಶನದ ದಿನ ಬೆಳಿಗ್ಗೆಯಿಂದ ಆಕೆ ಗುಟ್ಟಾಗಿ ಬೇಡಿಕೊಳ್ಳುತ್ತಿದ್ದದ್ದು ಅದನ್ನೇ.

ಬ್ರೆಡ್ ವ್ಯಾನು ಓಡಿಸುವ ಮಗ ಮನೆಗೆ ಬರುವುದು ಮಧ್ಯಾಹ್ನ. ಕೂಸು ಇನ್ನೂ ಬಾಟಲಿ ಹಾಲಿಗೆ ಒಗ್ಗಿಲ್ಲ. ಹಾಗಾಗಿ ಅದನ್ನು ಎತ್ತಿಕೊಂಡು ದೊಡ್ಡಮ್ಮನೇ ರಜೆ ಹಾಕಿ ಸೊಸೆಯ ಜೊತೆ ಹೊರಟಳು.

ಕಾಲೇಜಿನ ಗೇಟು ದಾಟಿದ್ದೇ ತಡ, ಆಕೆಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅಷ್ಟಗಲದ ಹುಲ್ಲಿನ ಮೇಲೆ ಒಂದು ಒಣಗಿದ ಎಲೆಯಿಲ್ಲ. ಗೋಡೆಗಳೆಲ್ಲ ಗಾಜು. ಎದುರಿಗೆ ಬಂದ ಹೆಂಗಸಿಗೆ ದಾರಿ ಬಿಡೋಣವೆಂದು ಪಕ್ಕಕ್ಕೆ ಸರಿದರೆ, ಆ ಹೆಂಗಸೂ ಕೂಸನ್ನೆತ್ತಿಕೊಂಡು ಅದೇ ಪಕ್ಕಕ್ಕೆ ಸರಿಯಬೇಕೆ! ಸೊಸೆ ನಗು ತಡೆದುಕೊಂಡಳು. ಆಮೇಲೆ ಯಾರೋ ಅವಳನ್ನು ಕರೆದರು, ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಕೂಸು ರಾಗ ತೆಗೆಯಿತು. ತಟ್ಟಿ ಮಲಗಿಸಲು ಒಂದು ಮೂಲೆ ಬೇಕಿತ್ತು. ಸದ್ದಿಲ್ಲದ ಕೋಣೆ ಎಂದರೆ ಖಾಲಿ ಕೋಣೆ ಎಂಬುದು ಹೆರಿಗೆ ವಾರ್ಡಿನ ಲೆಕ್ಕ. ಅದೇ ಲೆಕ್ಕದಲ್ಲಿ ಒಂದು ಬಾಗಿಲು ತಳ್ಳಿದರೆ ಒಳಗೆ ಕೋಣೆ ತುಂಬ ಜನ! ಮೆಟ್ಟಿಲು ಮೆಟ್ಟಿಲಾಗಿ ಇಳಿದ ಸಾಲುಗಳು, ಕೆಳಗೆ ತಲೆ ನರೆತ ಮೇಷ್ಟ್ರು. ದೊಡ್ಡಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಷ್ಟ್ರು ಮಾತ್ರ ನಕ್ಕು, ಹಿಂದಿನ ಸಾಲು ತೋರಿಸಿ ಕೂತುಕೊಳ್ಳಲು ಸನ್ನೆ ಮಾಡಿದರು.

ಮುಳುಗಿಹೋದ ಯಾವುದೋ ಕಾರ್ಖಾನೆಯ ಪಾಠ. ಆಕೆಗೆ ಅರ್ಥವಾದದ್ದು ಅರೆಬರೆ. ಮೇಷ್ಟ್ರು ಕಾರಣ ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ನೀವು ಹೇಳಿದ್ದು ತಪ್ಪು ಅನ್ನಿಸುತ್ತೆ ಸರ್ ಎಂದಳು. ದೊಡ್ಡಮ್ಮ ಕೂಸನ್ನು ಇನ್ನಷ್ಟು ಅವಚಿಕೊಂಡಳು. ಆಕೆಯ ವಾರ್ಡಿನಲ್ಲಿ ಡಾಕ್ಟರಿಗೆ ಹಾಗಂದವರ ಗತಿ ಆಕೆಗೆ ಗೊತ್ತು. ಹುಡುಗಿ ಬಿಡಿಸಿ ಬಿಡಿಸಿ ಹೇಳಿದಳು. ಮೇಷ್ಟ್ರು ಗಲ್ಲ ತುರಿಸಿಕೊಂಡು ಯೋಚಿಸಿದರು.

"ಹೌದಲ್ಲ," ಅಂದರು. "ನನಗೆ ಇದು ಹೊಳೆದೇ ಇರಲಿಲ್ಲ."

ದೊಡ್ಡಮ್ಮ ಕತ್ತು ಚಾಚಿ ಮೇಷ್ಟ್ರನ್ನೇ ನೋಡಿದಳು. ಗಂಡನೊಡನೆ ಒಂದು ಆಯುಷ್ಯ ಬಾಳಿದರೂ ಆತನ ಬಾಯಿಂದ ಒಮ್ಮೆಯೂ ಕೇಳದ ಮಾತು ಅದು. ಇಲ್ಲಿ ಕೋಟು ತೊಟ್ಟ ಇಷ್ಟು ದೊಡ್ಡ ಮನುಷ್ಯ, ಎಲ್ಲರೆದುರು, ಒಬ್ಬ ಹೆಣ್ಣುಮಗಳಿಗೆ ಹೇಳಿದ. ಹುಡುಗಿ ಏನೂ ಆಗದವಳಂತೆ ಕೂತು ಬರೆದುಕೊಳ್ಳತೊಡಗಿದಳು. ಕೂಸು ಯಾವಾಗಲೋ ನಿದ್ದೆ ಹೋಗಿತ್ತು, ಆಕೆ ಎದ್ದು ಬರುವುದನ್ನೇ ಮರೆತಿದ್ದಳು.

ಪಾಠ ಮುಗಿದು ಹೊರಗೆ ಬಂದರೆ ಸೊಸೆ ಬೆಂಚಿನ ಮೇಲೆ ಸಪ್ಪಗೆ ಕೂತಿದ್ದಳು.

"ಚೆನ್ನಾಗೇ ಆಯ್ತು ಅತ್ತೆ. ಸೀಟು ಕೊಟ್ರೆ ಖಂಡಿತ ಬರ್ತೀರಾ ಅಂದ್ರು. ಮನೇಲಿ ಕೇಳಿ ಹೇಳ್ತೀನಿ ಅಂದೆ."

ಇವತ್ತೇ ತಿಳಿಸಬೇಕಂತೆ, ಇಲ್ಲದಿದ್ದರೆ ಸೀಟು ಬೇರೆಯವರಿಗಂತೆ. ದೊಡ್ಡಮ್ಮ ತುಟಿ ಬಿಚ್ಚದೆ ಬಸ್ಸು ಹತ್ತಿದ್ದರೆ ಸಾಕಿತ್ತು, ಬೇಡಿಕೊಂಡದ್ದು ಕೈಗೂಡುತ್ತಿತ್ತು.

"ನಿನಗೆ ಸಿಗದೇ ಇರ್ಲಿ ಅಂತ ಬೆಳಿಗ್ಗೆಯಿಂದ ಬೇಡ್ಕೋತಾ ಇದ್ದೆ ಕಣೆ," ಅಂದಳು.

ಸೊಸೆ ಕೂಸಿನ ಕಾಲು ಸವರಿದಳು. "ಗೊತ್ತಿತ್ತು ಅತ್ತೆ."

"ನಾನು ಮತ್ತೆ ರಾತ್ರಿ ಪಾಳಿ ಕೇಳ್ತೀನಿ. ಬೆಳಿಗ್ಗೆ ಬಂದು ಮಧ್ಯಾಹ್ನದ ತನಕ ನಾನು ನೋಡ್ಕೋತೀನಿ. ಆಮೇಲೆ ನಿನ್ನ ಗಂಡ ನೋಡ್ಕೊಳ್ಲಿ, ಹುಟ್ಟಿಸಿದವನು ಅವನೇ ತಾನೆ? ಹೋಗು, ಬರ್ತೀನಿ ಅಂತ ಹೇಳಿ ಬಾ."

ಸೊಸೆಯ ಕಣ್ಣು ತುಂಬಿತು. ನಿಮ್ಮ ನಿದ್ದೆ ಎಂದೇನೋ ತೊದಲಿದಳು.

"ನಿದ್ದೆ ಚಿಂತೆ ನನಗಿರ್ಲಿ. ನೀನು ಮಾತ್ರ ಅಲ್ಲಿ ಕೂತು, ಮೇಷ್ಟ್ರು ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿ ಬಂದೆಯೋ, ಆಗ ನಾನು ಸುಮ್ಮನಿರಲ್ಲ."