ಯಲ್ಲವ್ವನ ಮೊಮ್ಮಗಳು ಕೊಂಡ ಚೀನಾ ಕಪ್

ಗೆಳೆಯರೇ, ಇವತ್ತು ಹುಕ್ಕೇರಿಯ ವಾಡೆಯೊಂದರಲ್ಲಿ ನನ್ನ ಸಂಗ್ರಹಕ್ಕೆ ಹನ್ನೆರಡನೇ ಚೀನಾ ಪಿಂಗಾಣಿ ಕಪ್ ಸಿಕ್ಕಿತು. ಆ ದೊಡ್ಡ ಮನೆಯನ್ನು ಕೆಡವುವ ಮೊದಲು ಅದರ ಯಜಮಾನರು ಹಳೆಯ ಸಾಮಾನುಗಳನ್ನು ಕಟ್ಟೆಯ ಮೇಲೆ ಮಾರಾಟಕ್ಕಿಟ್ಟಿದ್ದರು. ಕಪ್ಪಿನ ಮೇಲಿನ ಎನಾಮೆಲ್ ಹೂಗಳು ಬೆರಳಿಗೆ ಉಬ್ಬಾಗಿ ತಾಗುತ್ತಿದ್ದವು. ನಾನು ಕೊಳ್ಳುತ್ತೇನೆ ಎಂದಾಗ ಅವರು, “ಯಾರ ಪೈಕಿರಿ ನೀವು?” ಎಂದು ಕೇಳಿದರು.

“ನಿಮ್ಮ ಹೊಲದಾಗ ಕಳೆ ತೆಗೀತಿದ್ದ ಯಲ್ಲವ್ವನ ಮೊಮ್ಮಗಳ್ರಿ. ಈಗ ಘಟಪ್ರಭಾದಾಗ ನರ್ಸ್ ಅದೇನಿ.”

“ಇದು ಮಾರೂದಲ್ಲ. ದೊಡ್ಡ ಮಂದಿ ಬಂದ್ರ ಇದ್ರಾಗ ಚಾ ಕೊಡ್ತಿದ್ವಿ.”

ಮಾತಿನಲ್ಲಿದ್ದ ‘ರಿ’ ಹೋಯಿತು, ಕಪ್ಪೂ ಅವರ ಕಡೆಗೆ ಸರಿಯಿತು.

“ನಮ್ಮಜ್ಜಿಗೆ ಎದ್ರಾಗ ಕೊಡ್ತಿದ್ರಿ?” ಎಂದೆ.

ಅವರು ಕಪ್ಪನ್ನು ಕೈಗೆತ್ತಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅವರ ಸೊಸೆ ಹೇಳಿದಳು: “ತೆಂಗಿನ ಪರಟ್ಯಾಗ್ರಿ. ನಮ್ಮತ್ತಿ ಹೇಳ್ತಿದ್ರು.”

“ಮಾರಾಕಿಟ್ಟ ಮ್ಯಾಲ ಯಾರ ಪೈಕಿ ಅಂತ ಕೇಳಬಾರದು ಕಾಕಾ,” ಎಂದು ದುಡ್ಡು ಕಟ್ಟೆಯ ಮೇಲಿಟ್ಟು ಕೈ ಚಾಚಿದೆ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಸೊಸೆಯೇ ಮಾವನ ಕೈಯಿಂದ ಕಪ್ ತೆಗೆದು ನನಗೆ ಕೊಟ್ಟಳು.

ಇಷ್ಟು ಹಳೆಯ ಕಪ್ಪಿನಲ್ಲಿ ಕುಡಿದರೆ ಬಣ್ಣ ಕೆಡುತ್ತದೆ ಎನ್ನುವ ಸಂಗ್ರಹಕಾರ ಮಿತ್ರರೇ, ನಿಮ್ಮ ಮಾತನ್ನು ನಾಳೆಯಿಂದ ಕೇಳುತ್ತೇನೆ. ನನ್ನ ಚಹಾ ಮುಗಿಯಿತು. ಈಗ ಅಜ್ಜಿಯ ಪಾಲಿನದು ಕುಡಿಯುತ್ತಿದ್ದೇನೆ.