ಸಿದ್ದಣ್ಣ ನೋಡುವ ಪತ್ತೇದಾರ

"ಅಮ್ಮ, ಸಿದ್ದಜ್ಜ ಯಾಕೆ ಟೀವಿ ಸೌಂಡೇ ಇಲ್ದೆ ನೋಡ್ತಾರೆ?"

ಗೊಂಬೆಗೆ ತುಂಡುಬಟ್ಟೆ ತರಲು ಕೆಳಗಿನ ಟೈಲರ್ ಅಂಗಡಿಗೆ ಹೋಗಿದ್ದ ಧನುಶ್ರೀ ಮೆಟ್ಟಿಲು ಹತ್ತುತ್ತಲೇ ಕೇಳಿದಳು.

"ಮಿಷನ್ ಸದ್ದಲ್ಲಿ ಹೆಂಗೂ ಕೇಳ್ಸಲ್ವಲ್ಲ, ಅದಕ್ಕೆ," ಎಂದು ವಿನುತಾ ಒಲೆಯ ಕಡೆ ತಿರುಗಿದಳು.

"ಮಿಷನ್ ನಿಂತಿತ್ತು," ಎಂದಿತು ಮಗು.

ಸೋಮವಾರಪೇಟೆಯಲ್ಲಿ ಸಿದ್ದಣ್ಣ ಬಟ್ಟೆ ಹೊಲಿಯಲು ಕೂತು ನಲವತ್ತು ವರ್ಷ. ಅಂಗಡಿಯ ಹಿಂದೆಯೇ ಮಗ ಕಿರಣ್‌ಕುಮಾರನ ಸಂಸಾರದ ಜೊತೆ ಮನೆ. ನೆಂಟಸ್ತಿಕೆ ಇಲ್ಲದಿದ್ದರೂ ಮಹಡಿಗೆ ಬಾಡಿಗೆಗೆ ಬಂದ ವಿನುತಾಗೆ ಅವರನ್ನು ಮಾವ ಎಂದೇ ಕರೆದು ಅಭ್ಯಾಸ. ಟೇಪು ಹಿಡಿಯುವ ಮೊದಲೇ ಎಡಭುಜ ಒಂದು ಬೆರಳು ತಗ್ಗು ಎಂದು ಹೇಳಬಲ್ಲ ಕಣ್ಣು ಅವರದು. ಭಾನುವಾರ ಮಧ್ಯಾಹ್ನ ಮೇಲೆ ಬಂದು, ಅವಳು ಹಾಕುವ ಇಂಗ್ಲಿಷ್ ಪತ್ತೇದಾರಿ ಧಾರಾವಾಹಿ ನೋಡುತ್ತಾರೆ. ಇಂಗ್ಲಿಷ್ ಬಾರದು. ಆದರೂ, "ಅವ್ನೇ ಕಣಮ್ಮ, ಸುಳ್ಳು ಹೇಳೋವಾಗ ಕಾಲರ್ ಸರಿಮಾಡ್ಕೊಂಡ ನೋಡು" ಎಂದು ಕೊಲೆಗಾರನನ್ನು ಅವಳಿಗಿಂತ ಮೊದಲೇ ಹಿಡಿದುಬಿಡುತ್ತಾರೆ.

ಧಾರಾವಾಹಿ ಎರಡಾದರೂ ಪತ್ತೇದಾರ ಒಬ್ಬನೇ, ಲಂಡನ್ನಿನ ಹಳೇ ಕಾಲದವನು. ಇಂಗ್ಲೆಂಡಿನವರು ತೆಗೆದದ್ದರಲ್ಲಿ ಕುದುರೆಗಾಡಿ, ಟೀ ಕಪ್ಪು, ಎದುರುಬದುರು ಕೂತು ಆಡುವ ನಿಧಾನದ ಮಾತು. ಅಮೆರಿಕದವರು ಅವನನ್ನೇ ಈ ಕಾಲಕ್ಕೆ ಎಳೆತಂದು ಕೈಗೆ ಮೊಬೈಲ್ ಕೊಟ್ಟಿದ್ದಾರೆ. ವಿನುತಾಗೆ ಈ ಎರಡನೆಯವನೇ ಇಷ್ಟ. ಮೊದಲನೆಯವನಿಗೆ ಬುದ್ಧಿಯೊಂದೇ, ಇವನು ತಪ್ಪು ಮಾಡುತ್ತಾನೆ, ಕೊರಗುತ್ತಾನೆ, ನಮ್ಮಂಥವನು ಎಂದು ಅವಳ ವಾದ.

ಆ ಭಾನುವಾರ ಅಮೆರಿಕದ್ದನ್ನು ಹಾಕಿದಳು. ಅರ್ಧಕ್ಕೇ ಸಿದ್ದಣ್ಣ ರೇಗಿದರು.

"ಇವ್ನ್ ಎಂಥವ್ನಮ್ಮ! ನಿಂತ್ಕಡೆ ನಿಲ್ಲಲ್ಲ, ಬೆನ್ನು ಹಾಕ್ಕೊಂಡೇ ಮಾತಾಡ್ತಾನೆ. ಬಾಯಿ ಯಾವಾಗ ನೋಡದು?"

"ಬಾಯಿ ಯಾಕ್ ನೋಡ್ಬೇಕು ಮಾವ? ಇಂಗ್ಲಿಷ್ ಬರಲ್ವಲ್ಲ ನಿಮಗೆ."

"ಅದೇ ನೆಮ್ಮದಿ. ಕನ್ನಡದ್ದಾದ್ರೆ ಜೋಕಿಗೆ ಮನೇರೆಲ್ಲ ನಗ್ತಾರೆ, ನಾನು ಮಿಕಮಿಕ ನೋಡ್ತೀನಿ. ಇದು ಅರ್ಥ ಆಗ್ಲಿಲ್ಲ ಅಂದ್ರೆ ಯಾರೂ ಏನೂ ಅನ್ಕೊಳಲ್ಲ."

ಅಂದದ್ದು ಹೆಚ್ಚಾಯಿತೆಂಬಂತೆ ಅವರು ಟೀವಿಯತ್ತ ಮುಖ ತಿರುಗಿಸಿದರು. ವಿನುತಾ ಟೀವಿ ನಿಲ್ಲಿಸಿ, ಅವರ ಬೆನ್ನ ಹಿಂದೆ ನಿಂತು, "ಕಾಫಿ ಮಾಡ್ಲಾ ಮಾವ?" ಎಂದಳು. ಕಾಫಿಗೆ ಎಂದೂ ಬೇಡವೆನ್ನದ ಮನುಷ್ಯ ತಿರುಗಲೇ ಇಲ್ಲ.

ಎದುರಿಗೆ ಬಂದು ನೆಲದ ಮೇಲೆ ಕೂತಳು. "ಯಾವತ್ತಿಂದ?"

ಅವರು ತಪ್ಪಿಸಿಕೊಳ್ಳಲಿಲ್ಲ. "ಎರಡು ವರ್ಷ ಆಯ್ತು. ಟೀವಿ ಜೋರಿಟ್ರೆ ಗೊತ್ತಾಗುತ್ತೆ ಅಂತ ಸೌಂಡೇ ತೆಗ್ದಿದೀನಿ. ಕಿರಣಂಗೆ ತಿಳಿದ್ರೆ 'ಸಾಕು ಬಿಡಪ್ಪ' ಅಂತ ಅಂಗ್ಡಿ ಮುಚ್ಚಿಸ್ತಾನೆ. ಅಂಗ್ಡಿ ಇಲ್ದೆ ನಾನೇನ್ ಮಾಡ್ಲಿ, ಗೋಡೆ ನೋಡ್ತಾ ಕೂರ್ಲಾ?"

"ಡಾಕ್ಟ್ರಿಗೆ ತೋರ್ಸಿ ಕಿವಿಗೆ ಮಿಷನ್ ಹಾಕ್ಕೊಂಡ್ರೆ ಅಂಗ್ಡಿ ಯಾಕ್ ಮುಚ್ಚಬೇಕು?"

"ಹೋಗಿದ್ನಲ್ಲ ಮಡಿಕೇರಿಗೆ! ಆ ಡಾಕ್ಟ್ರು ಮೂತಿಗೆ ಮಾಸ್ಕ್ ಹಾಕ್ಕೊಂಡಿದ್ರು. ಕೇಳಿದ್ದಕ್ಕೆಲ್ಲ ಹೂಂ ಅಂದೆ. ಗುಗ್ಗೆ ಕರಗಕ್ಕೆ ಡ್ರಾಪ್ಸ್ ಕೊಟ್ಟು ಕಳ್ಸಿದ್ರು."

ವಿನುತಾಗೆ ನಗು ಬಂತು.

ಸಿದ್ದಣ್ಣ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಗುರುವಾರ ಇನ್ನೊಂದ್ಸಲ ಹೋಗ್ತೀನಿ. ನೀನೂ ಜೊತೆಗೆ ಬಾರಮ್ಮ. ಡಾಕ್ಟ್ರು ಏನಂದ್ರೂ ನನ್ನೆದುರು ಕೂತು, ನಿಧಾನಕ್ಕೆ, ನೀನು ಹೇಳು."